ಅವ್ವನ ಕೊರಳಿನ ಕೆಂಪು ದಾರ

ಮೊನ್ನೆ ಮಗಳು ಮೈತ್ರಿಯ ಹುಟ್ಟುಹಬ್ಬ. ಜರ್ಮನಿಯ ಬೊಬ್ಲಿಂಗೆನ್‌ನ ನಮ್ಮ ಮನೆ ತುಂಬ ಅವಳ ಗೆಳತಿಯರು. ಹಾಡು ಮುಗಿಸಿ ಎಲ್ಲರೂ ಸೇರಿ ಕೇಕಿನ ಮೇಲಿದ್ದ ಮೇಣದಬತ್ತಿಗಳನ್ನು ಉಫ್ ಎಂದು ಊದಿದರು. ಆರಿದ ಬತ್ತಿಯ ಹೊಗೆ ಮೂಗಿಗೆ ಬಡಿಯಿತು ನೋಡಿ, ಕೈಯಲ್ಲಿ ಪ್ಲೇಟು ಹಿಡಿದವನು ಹಿಡಿದಂತೆಯೇ ನಿಂತುಬಿಟ್ಟೆ. ಹೆಂಡತಿ ಸುನಂದಾಳಿಗೆ ನನ್ನ ಮುಖ ನೋಡಿದ್ದೇ ತಿಳಿಯಿತು.

“ಏನ್ರೀ, ಮತ್ತ ವೆರೋನಾಕ್ಕ ಹೋದ್ರೇನು?”

ಹೋಗಿದ್ದೆ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ, ವಿಜಯಪುರದ ಅಣ್ಣನ ಮನೆಯಿಂದ ಅವ್ವ ಮೊಮ್ಮಗಳನ್ನು ನೋಡುತ್ತಿದ್ದಳು. “ಎಲ್ಲಾರೂ ಉಂಡೀರೇನು?” ಎಂದು ಕೇಳಿದಳು. ಅವಳ ಮಾತು ಶುರುವಾಗುವುದೇ ಅಲ್ಲಿಂದ. ಸೆರಗಿನ ಅಂಚಿನಲ್ಲಿ ಆ ಕೆಂಪು ದಾರ ಕಾಣುತ್ತಿತ್ತು. ಓಣಿಯ ಹೆಂಗಸರು ಕೇಳುತ್ತಾರಂತೆ, ಶಿವದಾರ ಹಿಂಗ್ಯಾಕ ಕೆಂಪಗೈತಿ, ಎಲ್ಲಿ ತಗೊಂಡ್ರಿ ಅಂತ. ಅವ್ವ “ಇಟಲಿಯಿಂದ ಬಂದೈತಿ” ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಪೂರ್ತಿ ಹೇಳಿದರೆ ಯಾರೂ ನಂಬುವುದಿಲ್ಲ ಎನ್ನುವುದು ಅವಳ ಅನುಮಾನ. ನಂಬದಿದ್ದರೆ ಬಿಡಿ, ನಾನಂತೂ ಹೇಳುತ್ತೇನೆ.

ಅಪ್ಪ ತೀರಿಕೊಂಡ ಮರುವರ್ಷದ ಬೇಸಿಗೆ ಅದು. ಅವ್ವ ಮೂರು ತಿಂಗಳ ವೀಸಾದ ಮೇಲೆ ನಮ್ಮಲ್ಲಿಗೆ ಬಂದಳು. ಒಂದು ಸೂಟ್‌ಕೇಸಿನಲ್ಲಿ ಅವಳ ಸೀರೆಗಳು. ಇನ್ನೊಂದರ ತುಂಬ ಕಟಕ ರೊಟ್ಟಿ, ಶೇಂಗಾ ಹಿಂಡಿ, ಜೋಳದ ಹಿಟ್ಟು. ಬಂದ ವಾರದಿಂದಲೇ ಮಳೆ ಹಿಡಿಯಿತು. ನಮ್ಮೂರ ಮಳೆಯ ಹಾಗೆ ಸುರಿದು ಮುಗಿಯುವ ಮಳೆಯಲ್ಲ, ಮುನಿಸಿಕೊಂಡ ಮಗುವಿನಂತೆ ಪಿರಿಪಿರಿ ಅನ್ನುತ್ತಲೇ ಇರುವ ಮಳೆ. ನಾನು ಕಾರು ಕಂಪನಿಯೊಂದರಲ್ಲಿ ಬ್ರೇಕು ಪರೀಕ್ಷಿಸುವ ವಿಭಾಗದವನು. ಆ ಬೇಸಿಗೆ ನಮ್ಮ ಹೊಸ ಬ್ರೇಕು ಒದ್ದೆ ರಸ್ತೆಯಲ್ಲಿ ಕಿರ್ರ್ ಎನ್ನುತ್ತಿತ್ತು. ಅದು ಸುಮ್ಮನಾಗುವವರೆಗೆ ನನಗೆ ರಜೆಯಿಲ್ಲ. ಸುನಂದಾ ಅರ್ಧ ದಿನ ಕೆಲಸಕ್ಕೆ, ಮೈತ್ರಿ ಶಾಲೆಗೆ. ಅವ್ವ ಕಿಟಕಿಯ ಬಳಿ ಕುಳಿತು ಒದ್ದೆ ರಸ್ತೆ ನೋಡುವಳು. “ಇಲ್ಲಿ ಮಂದಿ ಅದಾರೇನೋ ಬಸು, ಇಲ್ಲಾ ಬರೇ ಕಾರು ಅದಾವೋ?” ಎಂದು ಒಮ್ಮೆ ಕೇಳಿದಳು.

ಅವಳಿಗೆ ಹಿಡಿಸಿದ್ದು ಒಂದೇ, ಕೇರ್‌ವೊಹೆ. ಬೊಬ್ಲಿಂಗೆನ್ ಕಡೆಯ ಕಟ್ಟಡಗಳಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು, ಪಾಳಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ಆ ಹಲಗೆ ನಮ್ಮ ಬಾಗಿಲಿಗೆ ಬಂದ ದಿನ ಅವ್ವ ಸೀರೆ ಎತ್ತಿ ಕಟ್ಟಿ ಮೂರೂ ಮಹಡಿ ತೊಳೆದಳು. ತೊಳೆದು ಸುಮ್ಮನಿರಲಿಲ್ಲ, ಕೆಳಗಿನ ಬಾಗಿಲಲ್ಲಿ ಅಕ್ಕಿಹಿಟ್ಟಿನ ರಂಗೋಲಿ ಎಳೆದಳು. ಕೆಳಮನೆಯ ಮುದುಕಿ ಏನನ್ನುತ್ತಾಳೋ ಎಂದು ನಾನು ನಡುಗಿದೆ. ಆಕೆ ಬಗ್ಗಿ ನೋಡಿದಳು, ಫೋಟೊ ತೆಗೆದುಕೊಂಡಳು, ಮರುದಿನ ಒಂದು ಬಾಟಲಿ ಚೆರಿ ಜಾಮು ತಂದುಕೊಟ್ಟಳು. ನಾನು ಆಕೆಯೊಂದಿಗೆ ಇಷ್ಟು ವರ್ಷದಲ್ಲಿ ಆಡಿದ ಮಾತು ‘ನಮಸ್ಕಾರ’ ಒಂದೇ.

ಬೆಳಿಗ್ಗೆ ಮಾತ್ರ ಅವ್ವ ಅವ್ವನೇ ಆಗಿರುತ್ತಿದ್ದಳು. ಸ್ನಾನ ಮುಗಿಸಿ, ಬಾಲ್ಕನಿಯ ಬಾಗಿಲ ಬಳಿ ಮಣೆ ಹಾಕಿಕೊಂಡು, ಕೊರಳಿನ ಬೆಳ್ಳಿ ಕರಡಿಗೆ ತೆರೆದು, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಕುಳಿತರೆ ಮನೆಯ ಸದ್ದೇ ಅಡಗುತ್ತಿತ್ತು. ಅದು ಅವಳು ಕೂಸಾಗಿದ್ದಾಗ ಕಟ್ಟಿದ ಲಿಂಗ. ಊಟಕ್ಕೆ ಕುಳಿತಾಗಲೂ ಕರಡಿಗೆಯನ್ನು ಸೆರಗಿನೊಳಗಿಂದ ತೆಗೆದು ಕಣ್ಣಿಗೊತ್ತಿಕೊಂಡ ಮೇಲೆಯೇ ಮೊದಲ ತುತ್ತು. ಮೈತ್ರಿ ಬಟ್ಟಲಲ್ಲಿ ಹಾಲು ಕಲಸುತ್ತ ನೋಡುತ್ತಿರುವಳು. ಅಜ್ಜಿ ಏನಾದರೂ ಕೇಳಿದರೆ ಜರ್ಮನ್‌ನಲ್ಲೇ ಉತ್ತರ. ಅವ್ವನೂ ಬಿಡುವವಳಲ್ಲ, ಅರ್ಥವಾದವಳಂತೆ “ಹೂಂ ಮತ್ತ, ಖರೇ ಐತಿ” ಎನ್ನುವಳು.

ಕೊನೆಗೊಮ್ಮೆ ಬ್ರೇಕು ಸುಮ್ಮನಾಯಿತು, ಮಳೆ ನಿಂತು ಬಿಸಿಲು ಬಿತ್ತು, ನನಗೆ ರಜೆ ಸಿಕ್ಕಿತು. ಅವ್ವ ಊರಿಗೆ ಮರಳಲು ಒಂದು ವಾರ ಮಾತ್ರ ಉಳಿದಿತ್ತು. ಎಲ್ಲಿಗಾದರೂ ಕರೆದೊಯ್ಯಬೇಕೆಂಬ ಹಟ ನನಗೆ. “ಇಟಲಿಗೆ ಹೋಗೂಣು” ಎಂದೆ. “ಯಾಕಪಾ, ಇಲ್ಲೇ ಕುಂತ್ರ ಆಗೂದಿಲ್ಲೇನು?” ಎಂದಳು. ಆದರೂ ರಾತ್ರಿಯೇ ರೊಟ್ಟಿಯ ಗಂಟು ಕಟ್ಟಿಟ್ಟಿದ್ದಳು.

ಒಂದಿಡೀ ದಿನ ಕಾರಿನಲ್ಲಿ ಆಲ್ಪ್ಸ್ ದಾಟಿ ವೆರೋನಾ ಸೇರಿದೆವು. ಮರುದಿನ ಬೆಳಿಗ್ಗೆ ಅವ್ವ ಲಾಡ್ಜಿನ ಕೋಣೆಯಲ್ಲೇ ಪೂಜೆ ಮಾಡಿ, ಅರ್ಧ ರೊಟ್ಟಿ ತಿಂದು, ಶುಗರ್ ಗುಳಿಗೆ ನುಂಗಿದಳು. ಆಮೇಲೆ ನಡಿಗೆ. ಹಳೆಯ ಊರು ಕಾಲ್ನಡಿಗೆಯಲ್ಲೇ ನೋಡಬೇಕಾದದ್ದು. ಮೊದಲು ಕಲ್ಲಿನ ದುಂಡು ರಂಗಮಂಟಪ, ಆಮೇಲೆ ಅಮೃತಶಿಲೆ ಹಾಸಿದ ಅಂಗಡಿ ಬೀದಿ, ಆಮೇಲೆ ಮಾರುಕಟ್ಟೆ ಚೌಕ, ಆದಿಜೆ ನದಿ, ಹಳೆಯ ಸೇತುವೆ. ನಾನು ಎಲ್ಲ ಲೆಕ್ಕ ಹಾಕಿಟ್ಟಿದ್ದೆ. ಅವ್ವನ ಕಾಲ್ಮರಿ ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ.

ಆ ಊರಿನಲ್ಲಿ ಕಾಲಿಟ್ಟಲ್ಲೆಲ್ಲ ಚರ್ಚು. ಪ್ರತಿ ಚರ್ಚಿನ ಬಾಗಿಲಲ್ಲೂ ಅವ್ವ ನಿಂತು, ಗೋಡೆ ಹಿಡಿದು, ಕಾಲ್ಮರಿ ಬಿಚ್ಚುವಳು.

“ಅವ್ವಾ, ಇಲ್ಲಿ ಬಿಚ್ಚಬೇಕಾಗಿಲ್ಲಬೇ. ನೋಡು, ಎಲ್ಲಾರೂ ಬೂಟ ಹಾಕ್ಕೊಂಡ ಒಳಗ ಹೊಂಟಾರ.”

“ಅವರಿಗೆ ಗೊತ್ತಿಲ್ಲಂದ್ರ ನಾವೂ ಹಂಗ ಹೋಗೂದೇನು? ದೇವರ ಮನಿ ಹೌದಿಲ್ಲೋ?”

ಮೈತ್ರಿ ಬಾಗಿಲಲ್ಲಿ ಅಜ್ಜಿಯ ಕಾಲ್ಮರಿ ಕಾಯುವಳು, ಅವ್ವ ಬರಿಗಾಲಲ್ಲಿ ಒಳಗೆ ಹೋಗಿ, ನಮ್ಮ ಗುಡಿಯಲ್ಲಿ ಮಾಡುವ ಹಾಗೆಯೇ ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚಿ ಏಳುವಳು. ಏಳಲು ನನ್ನ ಕೈ ಬೇಕು. ಹೀಗೆ ಚರ್ಚಿಗೊಂದು ನಮಸ್ಕಾರವಾಗಿ, ನನ್ನ ಪ್ಲ್ಯಾನು ಬಿಸಿಲಿಗಿಟ್ಟ ಬೆಣ್ಣೆಯಾಯಿತು. ನಾನು ಮೊದಲೇ ಸಿಡುಕ. ಒಳಗೊಳಗೇ ಕುದಿಯುತ್ತಿದ್ದೆ.

ಮಧ್ಯಾಹ್ನ ಸೇತುವೆ ನೋಡಿ ಮರಳಿ ಬಂದು, ಮಾರುಕಟ್ಟೆ ಚೌಕದ ಒಂದು ಬೆಂಚಿನ ಮೇಲೆ ಊಟಕ್ಕೆ ಕುಳಿತೆವು. ಸುನಂದಾ ರೊಟ್ಟಿಯ ಗಂಟು ಬಿಚ್ಚಿ ಹಿಂಡಿಗೆ ಎಣ್ಣೆ ಹಾಕಿದಳು. ಅವ್ವ ಅಭ್ಯಾಸದಂತೆ ಸೆರಗಿನೊಳಗೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಮೆಲ್ಲಗೆ ಹೊರಗೆ ಬಂದಾಗ ಅದರಲ್ಲಿ ಹರಿದ ಬಿಳಿ ಶಿವದಾರ ಮಾತ್ರ ಇತ್ತು.

“ಬಸು.”

“ಏನಬೇ?”

“ನನ್ನ ಲಿಂಗ ಇಲ್ಲೋ.”

ಪ್ರತಿ ವರ್ಷ ಶಿವರಾತ್ರಿಗೆ ಬದಲಿಸುವ ದಾರ ಅದು. ಆ ವರ್ಷ ವೀಸಾ ಓಡಾಟದಲ್ಲಿ ಹಾಗೇ ಉಳಿದು ಜೀರ್ಣವಾಗಿತ್ತು. ಸುನಂದಾ ಅವ್ವನನ್ನು ಒಂದು ಹಣ್ಣಿನ ಅಂಗಡಿಯ ಮರೆಗೆ ಕರೆದೊಯ್ದು ಸೀರೆಯ ಪ್ರತಿ ಮಡಿಕೆ ಕೊಡವಿದಳು. ನಾನು ಬೆಂಚಿನ ಕೆಳಗೆ ತೆವಳಿದೆ. ಇಲ್ಲ ಅಂದರೆ ಇಲ್ಲ.

“ಮೊದಲ ಎರಡ ತುತ್ತು ಉಣ್ಣಬೇ, ಆಮ್ಯಾಲ ಹುಡುಕೂಣು. ಮುಂಜಾನೆ ಗುಳಿಗಿ ಬ್ಯಾರೆ ತಗೊಂಡೀ.”

“ಲಿಂಗ ಇಲ್ಲದ ತುತ್ತು ಹ್ಯಾಂಗ ಎತ್ತಲೋ?”

“ಹಂಗಾರ ಸಾಯ್ತೀಯೇನು?” ಕೂಗಿಯೇಬಿಟ್ಟೆ. ಚೌಕದ ಮಂದಿ ತಿರುಗಿ ನೋಡಿದರು.

ಅವ್ವ ಕೂಗಲಿಲ್ಲ. “ಸತ್ರ ಸಾಯ್ತೀನಿ. ಅದಕ್ಕ ಅಂಜಿಲ್ಲ. ನನ್ನ ಮಣ್ಣ ಮಾಡೂಮುಂದ ಎಡಗೈಯಾಗ ಏನ್ ಇಡ್ತೀ, ಅದನ್ನಷ್ಟ ಹೇಳು.”

ನಮ್ಮಲ್ಲಿ ಸತ್ತವರ ಕೈಯಲ್ಲಿ ಅವರ ಲಿಂಗವನ್ನಿಟ್ಟೇ ಮಣ್ಣು ಮಾಡುತ್ತಾರೆ. ಹಿಂದಿನ ವರ್ಷ ಅಪ್ಪನ ಬೆರಳುಗಳನ್ನು ಅವರ ಲಿಂಗದ ಸುತ್ತ ಮಡಚಿದವನು ನಾನೇ.

ಕೊನೆಗೆ ಒಂದು ಉಪಾಯ ಹೊಳೆಯಿತು. ವಿಜಯಪುರದ ನಮ್ಮ ಮನೆತನದ ಗುರು ಅಯ್ಯನವರಿಗೆ ವಿಡಿಯೊ ಕಾಲ್ ಹಚ್ಚಿದೆ. ನಮ್ಮ ಮನೆಯಲ್ಲಿ ಅವರ ಮಾತು ಯಾರೂ ಮೀರುವುದಿಲ್ಲ. ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದ ಅವರು ಕಥೆ ಕೇಳಿ, “ಜೀವಕ್ಕಿಂತ ನೇಮ ದೊಡ್ಡದೇನ್ರಿ ಅಕ್ಕಾರ? ಮೊದಲ ಒಂದ್ ಲೋಟ ಸಕ್ಕರಿ ನೀರು ಕುಡೀರಿ. ಊರಿಗೆ ಬಂದ ಮ್ಯಾಲ ಹೊಸಾ ಲಿಂಗ ಕಟ್ಟೂಣು” ಎಂದರು. ಅವ್ವ ಫೋನಿಗೆ ಕೈಮುಗಿದಳು. ಫೋನು ನನಗೆ ತಿರುಗಿ ಕೊಟ್ಟಳು.

“ಅಯ್ಯನವರು ಹೇಳೂದು ಖರೇನ. ಈ ಗಂಟಲಿಗೆ ಹೇಳಾವರು ಯಾರು?”

ಸುನಂದಾ ಮೆಲುದನಿಯಲ್ಲಿ ಕೇಳಿದಳು, “ಅತ್ತ್ಯಾರ, ಎಲ್ಲಿ ಬಿದ್ದಿರಬಹುದ್ರಿ? ಸಮಾಧಾನದಿಂದ ನೆನಪ ಮಾಡ್ಕೋರಿ.” ನಮಸ್ಕಾರ ಮಾಡುವಾಗಲೇ ಹರಿದಿರಬೇಕು ಎನ್ನುವುದು ಸ್ಪಷ್ಟವಿತ್ತು. ಆದರೆ ಯಾವ ಚರ್ಚಿನಲ್ಲಿ? ನನಗೆ ಎಲ್ಲವೂ ಒಂದೇ. ಒಂದೇ ಕತ್ತಲೆ, ಒಂದೇ ಎತ್ತರ, ಒಂದೇ ಬಣ್ಣದ ಗಾಜು. ಅವ್ವ ಕಣ್ಣು ಮುಚ್ಚಿದಳು. ಅವಳು ಆ ಊರನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ತುಳಿದಿದ್ದಳಲ್ಲ!

“ಒಂದರಾಗ ನೆಲ ಒರಟಿತ್ತು. ಒಂದರಾಗ ಕಟ್ಟಿಗಿ ಹಾಸಿದ್ರು. ಇನ್ನೊಂದರಾಗ ಕೆಂಪು ಕಲ್ಲು, ತಣ್ಣಗ, ಕನ್ನಡಿ ಆಗಿತ್ತು. ಅಲ್ಲಿ ಕಲ್ಲಿನಾಗ ಒಂದು ಶಂಖ ಇತ್ತು, ಬಸವನಹುಳದಂಗ ಸುತ್ತಿಕೊಂಡಿದ್ದು. ಅಲ್ಲಿ ಭಾಳ ಹೊತ್ತು ಹಣಿ ಹಚ್ಚಿದ್ನಿ. ನಿಮ್ಮಪ್ಪನ ನೆನಪಾಗಿತ್ತು.”

“ಅಮ್ಮೊನೀಟ್!” ಎಂದು ಮೈತ್ರಿ ಕಿರುಚಿದಳು. ಕಲ್ಲಾಗಿಹೋದ ಕಡಲಿನ ಪ್ರಾಣಿ. ಬೊಬ್ಲಿಂಗೆನ್ ಕಡೆಯ ಬೆಟ್ಟಗಳಲ್ಲಿ ಸಿಗುತ್ತದೆಂದು ಶಾಲೆಯಿಂದ ಕರೆದೊಯ್ದು ತೋರಿಸಿದ್ದರಂತೆ. ತಾಯಿಯ ಫೋನು ಕಸಿದುಕೊಂಡು, ಬೆಳಿಗ್ಗೆ ತಾನೂ ಒಳಗೆ ನುಸುಳಿ ತೆಗೆದಿದ್ದ ಒಂದು ಫೋಟೊ ಹುಡುಕಿ ತೋರಿಸಿದಳು. ಕೆಂಪು ಕಲ್ಲು, ಅದರಲ್ಲಿ ಬಿಳಿಯ ಸುರುಳಿ, ಮೂಲೆಯಲ್ಲಿ ಅವ್ವನ ಹೆಬ್ಬೆರಳು. ಅದರ ಮುಂದಿನ ಫೋಟೊ ಹಳೆಯ ಸೇತುವೆ. ಅಂದರೆ ಸೇತುವೆಯ ಈಚೆಯ ಓಣಿಯ ಸಣ್ಣ ಚರ್ಚು!

ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆವು. ಬೆಳಿಗ್ಗೆ ತಲೆಯೆತ್ತಿ ಗೋಪುರ ನೋಡಿದ ಬೀದಿಗಳಲ್ಲಿ ಈಗ ನಾಲ್ಕೂ ಜನ ತಲೆ ಬಗ್ಗಿಸಿ ನೆಲ ನೋಡುತ್ತ ಹೋದೆವು. ಐಸ್‌ಕ್ರೀಂ ಅಂಗಡಿಯ ಮುಂದೆ ಮೈತ್ರಿಯನ್ನು ಕೇಳಿದರೆ ಬೇಡ ಎಂದು ತಲೆಯಾಡಿಸಿದಳು. ಚರ್ಚು ಸಿಕ್ಕಿತು. ಬಾಗಿಲು ಮುಚ್ಚಿತ್ತು. ಮಧ್ಯಾಹ್ನದ ವಿರಾಮ, ಇನ್ನು ತೆರೆಯುವುದು ಸಂಜೆಗೆ ಎಂದು ಹಲಗೆ ಹೇಳುತ್ತಿತ್ತು. ಅವ್ವ ಮೆಟ್ಟಿಲ ಮೇಲೆ ಕುಳಿತಳು. ಹಣೆಯಲ್ಲಿ ಬೆವರು, ವಿಭೂತಿ ಅಳಿಸಿತ್ತು. ಮಂಡಿಯ ಮೇಲಿಟ್ಟ ಕೈ ನಡುಗುತ್ತಿತ್ತು. ಸುನಂದಾ ಜ್ಯೂಸಿನ ಬಾಟಲಿ ತುಟಿಗೆ ಹಿಡಿದರೂ ಅವ್ವ ಮುಖ ತಿರುಗಿಸಿದಳು. ಮಾತು ತೊದಲತೊಡಗಿತ್ತು. ಅಂಬುಲೆನ್ಸ್ ಕರೆಯಲೆಂದು ಫೋನು ಕೈಗೆತ್ತಿಕೊಂಡೆ.

ಪಕ್ಕದ ಚಿಕ್ಕ ಬಾಗಿಲಿಗೆ ಒಂದು ಬೆಲ್ ಇತ್ತು. ಅದನ್ನು ನಾನೂ ನೋಡಿದ್ದೆ. ಆದರೆ ನೋಡಿ, ಜರ್ಮನಿಯಲ್ಲಿ ಇದ್ದೂ ಇದ್ದೂ ಮಧ್ಯಾಹ್ನದ ಹೊತ್ತು ಇನ್ನೊಬ್ಬರ ಬೆಲ್ ಒತ್ತಲು ಕೈಯೇ ಏಳುವುದಿಲ್ಲ. ಆ ಹೊತ್ತಿಗೆ ಸದ್ದು ಮಾಡಬಾರದೆಂದು ಅಲ್ಲಿ ಮಿಕ್ಸರ್ ಸಹ ಹಾಕುವುದಿಲ್ಲ.

“ನೀವು ಬೋರ್ಡ್ ಓದ್ಕೋತ ನಿಂದರ್ರಿ” ಎಂದು ಸುನಂದಾ ಹೋಗಿ, ಬೆರಳು ತೆಗೆಯದೆ ಬೆಲ್ ಒತ್ತಿದಳು.

ಒಬ್ಬ ಮುದುಕಿ ಬಂದಳು. ಚರ್ಚು ನೋಡಿಕೊಳ್ಳುವವಳು. ಕುತ್ತಿಗೆಗೆ ಊಟದ ನ್ಯಾಪ್‌ಕಿನ್ನು ಸಿಕ್ಕಿಸಿಕೊಂಡೇ ಇತ್ತು. ಜರ್ಮನ್ ಪ್ರವಾಸಿಗರೊಂದಿಗೆ ಏಗಿ ಏಗಿ ಆಕೆಗೆ ತುಸು ಜರ್ಮನ್ ಬರುತ್ತಿತ್ತು. ನಾನು ಫೋನು ಇಳಿಸಿ ಬಾಯಿ ತೆರೆಯುವ ಮೊದಲೇ ಮೈತ್ರಿ ಹೇಳಿದಳು, ಅಜ್ಜಿಯ ದೇವರು ನಿಮ್ಮ ಮನೆಯೊಳಗೆ ಉಳಿದುಬಿಟ್ಟಿದೆ ಎಂದು. ಮುದುಕಿ ಮೆಟ್ಟಿಲ ಮೇಲೆ ಕುಳಿತ ಅವ್ವನನ್ನು ನೋಡಿದಳು, ಬೀಗದ ಕೈ ತಂದಳು.

ಒಳಗೆ ಕತ್ತಲೆ, ತಂಪು. ಬಾಗಿಲು ಹಾಕುವಾಗ ಆರಿಸಿದ ಮೇಣದಬತ್ತಿಗಳ ಹೊಗೆಯ ವಾಸನೆ ಇನ್ನೂ ಗಾಳಿಯಲ್ಲಿತ್ತು. ಅಷ್ಟು ನಿತ್ರಾಣದಲ್ಲೂ ಅವ್ವ ಬಾಗಿಲಲ್ಲಿ ಕಾಲ್ಮರಿ ಬಿಚ್ಚಿದಳು. ಶಂಖವಿದ್ದ ಕಲ್ಲಿನ ಬಳಿ ನಾನು, ಸುನಂದಾ ಮೊಣಕಾಲ ಮೇಲೆ ಹುಡುಕಿದೆವು. ಫೋನಿನ ಬೆಳಕು ಬೆಂಚುಗಳ ಕೆಳಗೆಲ್ಲ ಹಾಯಿಸಿದೆವು. ನೆಲ ಕನ್ನಡಿಯಂತೆ ಖಾಲಿ. ಆಗಲೇ ಗುಡಿಸಿ ಒರೆಸಿಯಾಗಿತ್ತು. ಮುಗಿಯಿತು ಅಂದುಕೊಂಡೆ.

“ಬಸು, ಅಲ್ಲಿ ನೋಡೋ.”

ಪಕ್ಕದ ಗೋಡೆಯಲ್ಲಿ ಮಾತೆ ಮೇರಿಯ ಒಂದು ಮೂರ್ತಿ. ಅದರ ಮಗ್ಗುಲಿಗೆ ಕೆಂಪು ಮಖಮಲ್ಲಿನ ಹಲಗೆ. ಹಲಗೆಯ ತುಂಬ ಹರಕೆಯ ಬೆಳ್ಳಿ ಬಿಲ್ಲೆಗಳು. ಬೆಳ್ಳಿಯ ಹೃದಯ, ಬೆಳ್ಳಿಯ ಕಾಲು, ಬೆಳ್ಳಿಯ ಕಣ್ಣು. ಥೇಟ್ ನಮ್ಮ ಕಡೆ ಗುಡಿಗಳಲ್ಲಿ ಒಪ್ಪಿಸುವಂಥವೇ. ಅವುಗಳ ನಡುವೆ, ಒಂದು ಮೊಳೆಗೆ, ಅವ್ವನ ಕರಡಿಗೆ ಜೋತಾಡುತ್ತಿತ್ತು!

ಅವ್ವ ಕೈ ಚಾಚಿದಳು. ಮುದುಕಿ ಅಡ್ಡ ಬಂದಳು. ಇದು ತಾಯಿಗೆ ಸಂದದ್ದು, ಮುಟ್ಟಕೂಡದು ಎಂದು ಏನೋ ಹೇಳಿದಳು. ಮೈತ್ರಿ ಅಜ್ಜಿಯ ಸೆರಗು ಎಳೆದು, ಮೂರು ತಿಂಗಳಲ್ಲಿ ಮೊದಲ ಬಾರಿಗೆ ತಡವರಿಸದೆ ಕನ್ನಡದಲ್ಲಿ ಹೇಳಿದಳು. “ಅಜ್ಜಿ, ಯಾರೋ ದೇವ್ರಿಗೆ ಗಿಫ್ಟ್ ಕೊಟ್ಟಾರ ಅಂತ ತಿಳ್ಕೊಂಡಾಳ ಆಕಿ. ಕಸಾ ಹೊಡೀಬೇಕಾದ್ರ ಸಿಕ್ಕಿತ್ತಂತ.”

ಅವ್ವ ಮುಷ್ಟಿಯಲ್ಲಿದ್ದ ಹರಿದ ದಾರವನ್ನು ಬಿಚ್ಚಿ ತೋರಿಸಿದಳು. ಕರಡಿಗೆಯ ಬಳೆಯಲ್ಲಿ ಅದೇ ಬಿಳಿ ದಾರದ ಗೇಣುದ್ದ ತುಂಡು ಉಳಿದಿತ್ತು. ಮುದುಕಿ ಎರಡೂ ತುದಿಗಳನ್ನು ಹಿಡಿದು ಕೂಡಿಸಿ ನೋಡಿದಳು. ಹಣೆ ಬಡಿದುಕೊಂಡಳು. ಕರಡಿಗೆಯನ್ನು ಮೊಳೆಯಿಂದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ಅದಕ್ಕೊಂದು ಮುತ್ತು ಕೊಟ್ಟು ಅವ್ವನ ಮುಂದೆ ಹಿಡಿದಳು.

ಅವ್ವನ ಲಿಂಗವನ್ನು ಮನೆಯಲ್ಲಿ ನಾವು ಯಾರೂ ಮುಟ್ಟುವುದಿಲ್ಲ. ಇಲ್ಲಿ ಗುರುತು ಪರಿಚಯ ಇಲ್ಲದವಳು, ಅದೂ ಊಟದ ನಡುವೆ ಎದ್ದು ಬಂದವಳು, ಎಂಜಲು ಬಾಯಲ್ಲಿ ಮುತ್ತು ಕೊಟ್ಟಿದ್ದಾಳೆ. ಇನ್ನು ಅವ್ವ ಇದು ಬೇಡ ಅಂದರೆ?

ಅವ್ವ ಕರಡಿಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಆ ಮುದುಕಿಯ ಕೈಗಳನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು. ಈಗ ಅವಳಿಗೆ ಅಳು ಬಂತು.

“ಏನೋ ಬಿದ್ದೈತಿ ಅಂತ ಒಗದಿಲ್ಲ ನೋಡೋ ಬಸು. ತಾಯಿ ಮಗ್ಗಲದಾಗ ಇಟ್ಟಾಳ.”

ಅಲ್ಲೇ ಬೆಂಚಿನ ಮೇಲೆ ಕುಳಿತು, ಸೊಂಟದ ಚೀಲದಿಂದ ವಿಭೂತಿ ತೆಗೆದು, ಸುನಂದಾಳ ಬಾಟಲಿಯ ನೀರಿನಲ್ಲಿ ಕೈ ತೊಳೆದು, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡಳು. ಪೂಜೆ ಚಿಕ್ಕದಾಗಿ ಮುಗಿಯಿತು. ಮುದುಕಿ ತಾನೂ ಒಂದು ಮೇಣದಬತ್ತಿ ಹಚ್ಚಿ ಹಿಡಿದು ನಿಂತಿದ್ದಳು. ಮುಗಿದ ಮೇಲೆ ಒಳಕೋಣೆಗೆ ಹೋಗಿ ಒಂದು ಗಟ್ಟಿ ಕೆಂಪು ದಾರ ತಂದು, ಕರಡಿಗೆಯ ಬಳೆಗೆ ಪೋಣಿಸಿ, ಗಂಟು ಎಳೆದೆಳೆದು ನೋಡಿ, ಅವ್ವನ ಕೊರಳಿಗೆ ತಾನೇ ಕಟ್ಟಿದಳು. ಅವ್ವ ಹೊರಡುವ ಮೊದಲು ಹರಿದ ಬಿಳಿ ದಾರವನ್ನು ಹಲಗೆಯ ಆ ಮೊಳೆಗೆ ಸುತ್ತಿ ಬಂದಳು. “ಬರೇ ಮೊಳಿ ಬಿಟ್ಟು ಹೋಗಬಾರದು” ಎಂದಳು.

ಹೊರಗೆ ಮೆಟ್ಟಿಲ ಮೇಲೆ ಜ್ಯೂಸಿನ ಬಾಟಲಿಯನ್ನು ಒಂದೇ ಗುಟುಕಿಗೆ ಖಾಲಿ ಮಾಡಿದಳು. ಕೈಯ ನಡುಕ ನಿಂತಿತು. ಮುಖಕ್ಕೆ ಕಳೆ ಬಂತು, ಕಳೆ ಬಂದಂತೆ ಗತ್ತೂ ಬಂತು. “ಆಕಿನ್ನೂ ಕರೀರಿ, ಪಾಪ ಅರ್ಧಾ ಊಟಕ್ಕ ಎಬ್ಬಿಸೀವಿ” ಎಂದು ಮುದುಕಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ರೊಟ್ಟಿ, ಹಿಂಡಿ ಕೊಟ್ಟಳು. ಹಿಂಡಿಯ ಖಾರಕ್ಕೆ ಆಕೆಯ ಕಣ್ಣಲ್ಲಿ ನೀರು. ಆದರೂ ಇನ್ನೊಂದು ತುಂಡು ಕೇಳಿ ತೆಗೆದುಕೊಂಡಳು. ನಾನು ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ, ಅವ್ವ ಅಗಿಯುವುದನ್ನೇ ನೋಡುತ್ತ ಕುಳಿತೆ. ಯಾವ ಗೋಪುರವೂ ಬೇಡವಾಗಿತ್ತು.

ಎರಡು ರೊಟ್ಟಿ ಮುಗಿಸಿದ ಮೇಲೆ ಅವ್ವ ಗಂಟಿನೊಳಗೆ ಇಣುಕಿದಳು. ಉಳಿದ ರೊಟ್ಟಿಗಳೆಲ್ಲ ಕಟ್ಟಿದಂತೆಯೇ ಇದ್ದವು.

“ನೀವು ಉಂಡೀರಿಲ್ಲೋ?”

ಸುನಂದಾ ನನ್ನನ್ನು ನೋಡಿದಳು, ನಾನು ಮೈತ್ರಿಯನ್ನು ನೋಡಿದೆ. “ನೀ ಉಂಡಿರ್ಲಿಲ್ಲಲ್ಲ ಅಜ್ಜಿ” ಎಂದಳು ಮೈತ್ರಿ.

“ಹುಚ್ಚರ ಸಂತಿ! ನನ್ನ ಲಿಂಗ ಕಳದಿತ್ತು. ನಿಮ್ಮ ಹೊಟ್ಟಿನೂ ಕಳದಿತ್ತೇನು?”

ನಗು ತಡೆಯಲಾಗಲಿಲ್ಲ ನನಗೆ. ನಗುತ್ತ ನಗುತ್ತಲೇ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ. ಅವ್ವ ಬೈಯುತ್ತಲೇ ರೊಟ್ಟಿ ಮುರಿದಳು, ಹಿಂಡಿಯಲ್ಲಿ ಅದ್ದಿದಳು, ಮೊದಲ ತುಂಡನ್ನು ನನ್ನ ಬಾಯಿಗೆ ಇಟ್ಟಳು.